ಶಾಲು ಹೊದಿಸುವ ಕೈ, ಗುಡ್ಡ ಕಡಿಯುವ ಕೈ

ವರ್ಷ ಮುಗಿಯುತ್ತ ಬಂದಿತೆಂದರೆ ನಮ್ಮ ತಾಲ್ಲೂಕು ಕೇಂದ್ರಗಳ ಸಭಾಭವನಗಳಲ್ಲಿ ಸನ್ಮಾನ ಸಮಾರಂಭಗಳು ಆರಂಭವಾಗುತ್ತವೆ. ಮಳೆಗಾಲದಲ್ಲಿ ಕೆಸರಿನಿಂದ ಹೆಣ ಎತ್ತಿದವರು, ಹೊಳೆಯಲ್ಲಿ ಮುಳುಗಿ ಹುಡುಕಿದವರು, ಬೇಸಿಗೆಯಲ್ಲಿ ಕಾಡಿನ ಬೆಂಕಿಯೆದುರು ಹಸಿಸೊಪ್ಪು ಹಿಡಿದು ನಿಂತವರು, ನಡುರಾತ್ರಿ ಗರ್ಭಿಣಿಯನ್ನು ಆಸ್ಪತ್ರೆಗೆ ಮುಟ್ಟಿಸಿದ ಆಂಬುಲೆನ್ಸ್ ಚಾಲಕರು, ಇವರನ್ನೆಲ್ಲ ವೇದಿಕೆಗೆ ಕರೆದು ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುತ್ತೇವೆ. ಪತ್ರಿಕೆಗಳು ‘ಆಪದ್ಬಾಂಧವರು’ ಎಂಬ ಶೀರ್ಷಿಕೆಯಡಿ ಅವರ ಭಾವಚಿತ್ರಗಳನ್ನು ಪ್ರಕಟಿಸುತ್ತವೆ. ಅವರು ಈ ಗೌರವಕ್ಕೆ ಅರ್ಹರು. ಅದರಲ್ಲಿ ಎರಡು ಮಾತಿಲ್ಲ. ಆದರೆ ವೇದಿಕೆಯ ಮೇಲೆ ನಿಂತು ಶಾಲು ಹೊದಿಸುತ್ತಿರುವವರು ಯಾರು ಎಂಬುದನ್ನೂ ಒಮ್ಮೆ ನೋಡಬೇಕು. ಗುಡ್ಡದ ಬುಡವನ್ನು ಗೋಡೆಯಂತೆ ಕಡಿಯಲು ಅನುಮತಿ ನೀಡಿದವರು, ಕಡಿಸಿದವರು, ಕಡಿಯುವುದನ್ನು ಕಂಡೂ ಸುಮ್ಮನಿದ್ದವರು ಅನೇಕ ವೇಳೆ ಅಲ್ಲಿಯೇ ಮುಂದಿನ ಸಾಲಿನಲ್ಲಿರುತ್ತಾರೆ.

ವರ್ಷಾಂತ್ಯದ ಈ ಹೊತ್ತಿನಲ್ಲಿ ಹೇಳಬೇಕಾದ ಮಾತು ಒಂದೇ. ರಕ್ಷಣಾ ಕಾರ್ಯಕರ್ತರ ಧೈರ್ಯವು ಆಳುವವರ ಹೊಣೆಗೇಡಿತನಕ್ಕೆ ಸಹಾಯಧನವಾಗಬಾರದು. ಇಂದು ಆಗುತ್ತಿರುವುದು ಅದೇ. ಅವಘಡವನ್ನು ತಡೆಯುವ ಕೆಲಸಕ್ಕೆ ಹಣವಿಲ್ಲ, ಮನಸ್ಸಿಲ್ಲ. ಅವಘಡ ಆದ ಮೇಲೆ ಜೀವ ಪಣಕ್ಕಿಡುವವರಿಗೆ ಚಪ್ಪಾಳೆಯ ಕೊರತೆಯಿಲ್ಲ.

ಮೊದಲು ಬರುವವರು ಯಾರು?

ಮಲೆನಾಡಿನಲ್ಲಿ ಗುಡ್ಡ ಕುಸಿದಾಗ ಮೊದಲು ಓಡಿ ಬರುವವರು ಸಮವಸ್ತ್ರದವರಲ್ಲ, ನೆರೆಮನೆಯವರು. ಗುದ್ದಲಿ, ಹಾರೆ, ಅಡಿಕೆ ಮರದ ದಬ್ಬೆ, ಬಾವಿಗೆ ಇಳಿಸುವ ಹಗ್ಗ, ಇವೇ ಅವರ ರಕ್ಷಣಾ ಸಾಮಗ್ರಿ. ಅಗ್ನಿಶಾಮಕ ಠಾಣೆ ಇರುವುದು ತಾಲ್ಲೂಕು ಕೇಂದ್ರದಲ್ಲಿ. ನಡುವೆ ಘಟ್ಟದ ರಸ್ತೆ, ಆ ರಸ್ತೆಯ ಮೇಲೆ ಬಿದ್ದ ಮರ, ಕೊಚ್ಚಿಹೋದ ಸಂಕ. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯವರು ಎಷ್ಟೇ ಸಮರ್ಥರಿದ್ದರೂ ಅವರು ತಲುಪುವ ವೇಳೆಗೆ ಬದುಕಿಸಬಹುದಾಗಿದ್ದ ಜೀವಗಳ ಹೆಚ್ಚಿನ ಪಾಲು ಉಳಿದಿರುತ್ತದೆ ಅಥವಾ ಹೋಗಿರುತ್ತದೆ. ಮಣ್ಣಿನಡಿ ಸಿಲುಕಿದವರ ಪಾಲಿಗೆ ಮೊದಲ ಗಂಟೆಗಳೇ ನಿರ್ಣಾಯಕ. ಆ ಗಂಟೆಗಳು ಊರಿನವರ ಕೈಯಲ್ಲಿವೆ.

2025ರ ಮೇ 30ರಂದು ಉಳ್ಳಾಲ ತಾಲ್ಲೂಕಿನ ಮಂಜನಾಡಿ ಗ್ರಾಮದಲ್ಲಿ ಗುಡ್ಡ ಮನೆಯ ಮೇಲೆ ಕುಸಿದು ಅಜ್ಜಿ ಮತ್ತು ಇಬ್ಬರು ಪುಟ್ಟ ಮೊಮ್ಮಕ್ಕಳು ತೀರಿಕೊಂಡರು. ಅವಶೇಷಗಳಡಿ ಸಿಲುಕಿದ್ದ ತಾಯಿಯನ್ನು ಹೊರತರಲು ಗಂಟೆಗಟ್ಟಲೆ ಹೆಣಗಬೇಕಾಯಿತು. ಅಂಥ ಗಂಟೆಗಳನ್ನು ಕಳೆದವನಿಗೆ ಮರುದಿನ ತೋಟಕ್ಕೆ ಹೋಗಿ ಕೆಲಸ ಮಾಡುವುದು ಸುಲಭವಲ್ಲ. ಆತನ ನಿದ್ರೆಗೆಟ್ಟ ರಾತ್ರಿಗಳಿಗೆ ಯಾವ ಇಲಾಖೆಯ ಬಳಿಯೂ ಲೆಕ್ಕವಿಲ್ಲ. ಗಾಯಗೊಂಡರೆ ಅದರ ಖರ್ಚು ಆತನದೇ, ಕಳೆದ ದುಡಿಮೆಯೂ ಆತನದೇ.

ಹನ್ನೆರಡು ತಿಂಗಳ ತುರ್ತು

ತುರ್ತು ಎಂದರೆ ಆಕಸ್ಮಿಕವಾಗಿ, ಎಂದೋ ಒಮ್ಮೆ ಬರುವಂಥದ್ದು ಎಂದು ನಿಘಂಟು ಹೇಳೀತು. ನಮ್ಮ ಸೀಮೆಯಲ್ಲಿ ಅದಕ್ಕೆ ಪಂಚಾಂಗವೇ ಇದೆ. ಮಾಗಿಯ ಚಳಿ ಕಳೆಯುತ್ತಿದ್ದಂತೆ ಮಂಗನ ಕಾಯಿಲೆಯ ಭಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ಕಾಯಿಲೆ ಅರುವತ್ತೈದು ವರ್ಷ ದಾಟಿದರೂ ನಮ್ಮನ್ನು ಬಿಟ್ಟಿಲ್ಲ. ಇದ್ದೊಂದು ಹಳೆಯ ಲಸಿಕೆಯೂ ಪರಿಣಾಮಕಾರಿಯಲ್ಲವೆಂದು 2022ರಲ್ಲಿ ನಿಂತುಹೋಯಿತು. ಸತ್ತ ಮಂಗನ ಸುದ್ದಿ ಬಂದಲ್ಲೆಲ್ಲ ಮನೆಮನೆಗೆ ನಡೆದು ಜ್ವರದ ಲೆಕ್ಕ ಬರೆಯುವ, ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆ ಹಂಚುವ ಆಶಾ ಕಾರ್ಯಕರ್ತೆಯೇ ಅಲ್ಲಿಯ ಮೊದಲ ರಕ್ಷಕಿ. ಆಕೆ ಪಡೆಯುವುದು ಸಂಬಳವಲ್ಲ, ಗೌರವಧನ.

ಫೆಬ್ರವರಿಯಿಂದ ಬೆಂಕಿಯ ಕಾಲ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ, 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಭಾಗದಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರು ಪ್ರಾಣ ತೆತ್ತರು. ಬೆಂಕಿ ಕಾವಲಿಗೆಂದು ಕೆಲವು ತಿಂಗಳ ಮಟ್ಟಿಗೆ ತೆಗೆದುಕೊಳ್ಳುವ ದಿನಗೂಲಿಯವರ ಕಾಲಲ್ಲಿ ಸರಿಯಾದ ಬೂಟೂ ಇರುವುದಿಲ್ಲ. ಜೂನ್‌ನಿಂದ ನೆರೆ, ಕುಸಿತ, ಮುರಿದ ವಿದ್ಯುತ್ ಕಂಬ. ಸುರಿಯುವ ಮಳೆಯಲ್ಲಿ ಕಂಬವೇರುವ ಲೈನ್‌ಮನ್ ಕೂಡ ತುರ್ತು ಸೇವೆಯವನೇ ಎಂಬುದನ್ನು ನಾವು ದೀಪ ಹೊತ್ತಿದ ಮರುಕ್ಷಣ ಮರೆಯುತ್ತೇವೆ. ಭತ್ತ ತೆನೆಗಟ್ಟಿ ಕಾಫಿ ಹಣ್ಣಾಗುವ ಹೊತ್ತಿಗೆ ಆನೆ. 2023ರ ಆಗಸ್ಟ್‌ನಲ್ಲಿ ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡಿದ್ದ ಕಾಡಾನೆಗೆ ಅರಿವಳಿಕೆ ನೀಡಲು ಹೋದ ಅನುಭವಿ ಗುರಿಕಾರ ಅದೇ ಆನೆಯ ದಾಳಿಗೆ ಸಿಕ್ಕಿ ತೀರಿಕೊಂಡರು.

ಹೀಗೆ ವರ್ಷವಿಡೀ, ಪ್ರತಿ ವರ್ಷವೂ, ಹೆಚ್ಚುಕಡಿಮೆ ಅದೇ ತಿಂಗಳಿನಲ್ಲಿ ಬರುವಂಥದ್ದನ್ನು ‘ಅನಿರೀಕ್ಷಿತ’ ಎಂದು ಕರೆಯುವ ಹಕ್ಕು ಯಾವ ಅಧಿಕಾರಿಗೂ ಇಲ್ಲ. ಪಂಚಾಂಗದಲ್ಲಿರುವುದು ಆಕಸ್ಮಿಕವಲ್ಲ, ಅದಕ್ಕೆ ಸಿದ್ಧತೆ ಮಾಡದಿರುವುದು ಅಪರಾಧ.

ಪ್ರಕೃತಿಯ ಮುನಿಸೆಂಬ ನೆಪ

ದೊಡ್ಡ ಕುಸಿತಗಳ ದಿನಾಂಕಗಳನ್ನು ನಮ್ಮ ಮಳೆ ನಕ್ಷತ್ರಗಳ ಪಕ್ಕದಲ್ಲಿಟ್ಟು ನೋಡೋಣ. 2018ರ ಆಗಸ್ಟ್ ನಡುಭಾಗದಲ್ಲಿ, ಆಶ್ಲೇಷಾ ಕಳೆದು ಮಘೆ ಹುಟ್ಟುವ ಹೊತ್ತಿಗೆ, ಕೊಡಗಿನ ಮಕ್ಕಂದೂರು, ಜೋಡುಪಾಲ, ಮಾದಾಪುರ ಭಾಗಗಳ ಗುಡ್ಡಗಳು ಜಾರಿದವು. 2020ರ ಆಗಸ್ಟ್ 6ರಂದು, ಆಶ್ಲೇಷೆಯಲ್ಲಿ, ತಲಕಾವೇರಿಯ ಬಳಿ ಬೆಟ್ಟ ಕುಸಿದು ಅರ್ಚಕರ ಮನೆ ನೆಲಸಮವಾಯಿತು. ಐವರು ಮಣ್ಣಿನಡಿ ಹೋದರು. 2024ರ ಜುಲೈ 16ರಂದು, ಪುನರ್ವಸುವಿನಲ್ಲಿ, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಬಿತ್ತು. ಅದೇ ವರ್ಷ ಜುಲೈ 30ರ ನಸುಕಿನಲ್ಲಿ, ಪುಷ್ಯದಲ್ಲಿ, ವಯನಾಡಿನ ಪುಂಜಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋದವು. ಪುನರ್ವಸುವಿನಿಂದ ಮಘೆಯವರೆಗಿನ ಈ ಅವಧಿಯಲ್ಲಿ ಗುಡ್ಡ ನೀರು ಕುಡಿದು ಭಾರವಾಗಿರುತ್ತದೆ ಎಂಬುದು ನಮ್ಮ ಅಜ್ಜಂದಿರಿಗೆ ಗೊತ್ತಿದ್ದ ಸಂಗತಿ.

ಶಿರೂರಿನ ಕಥೆಯನ್ನು ವಿವರವಾಗಿ ನೆನೆಯಬೇಕು. ಹೆದ್ದಾರಿಯ ಪಕ್ಕದ ಚಹಾದಂಗಡಿ, ಅಲ್ಲಿ ನಿಂತಿದ್ದ ವಾಹನಗಳು, ಅವುಗಳ ಚಾಲಕರು, ಎಲ್ಲವನ್ನೂ ಮಣ್ಣು ಗಂಗಾವಳಿ ನದಿಗೆ ತಳ್ಳಿತು. ನದಿಯಲ್ಲೆದ್ದ ಅಲೆ ಆಚೆ ದಡದ ಉಳುವರೆಯ ಮನೆಗಳನ್ನೂ ಬಿಡಲಿಲ್ಲ. ಹನ್ನೊಂದು ಜನರನ್ನು ಕಳೆದುಕೊಂಡೆವು. ನೌಕಾಪಡೆ ಬಂತು, ಸೈನ್ಯ ಬಂತು, ಮಲ್ಪೆಯ ಮುಳುಗುಗಾರರು ಕೆಂಪು ನೀರಿನ ಸೆಳವಿನಲ್ಲಿ ಕಣ್ಣು ಕಾಣದೆ ಕೈಯಿಂದ ತಡಕಿದರು, ಕೊನೆಗೆ ಗೋವಾದಿಂದ ಹೂಳೆತ್ತುವ ಯಂತ್ರ ತರಿಸಲಾಯಿತು. ಕೇರಳದ ಲಾರಿ ಮತ್ತು ಅದರ ಚಾಲಕನ ದೇಹ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ಎಪ್ಪತ್ತೊಂದು ದಿನಗಳ ಬಳಿಕ. ದೇಶವೇ ಆ ಹುಡುಕಾಟವನ್ನು ದೂರದರ್ಶನದಲ್ಲಿ ನೋಡಿತು. ಆದರೆ ಗುಡ್ಡದ ಪಾದವನ್ನು ಹೆದ್ದಾರಿ ಅಗಲೀಕರಣಕ್ಕಾಗಿ ಕಡಿದು ನಿಲ್ಲಿಸಿದ್ದನ್ನು ಎಷ್ಟು ಜನ ನೋಡಿದರು? ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ತಜ್ಞರು ಬೊಟ್ಟು ಮಾಡಿದ್ದು ಆ ಕಡಿತದ ಕಡೆಗೇ. ಅದೇ ಜುಲೈನಲ್ಲಿ ಶಿರಾಡಿ ಘಟ್ಟದ ಹೆದ್ದಾರಿಯಲ್ಲಿ, ಸಕಲೇಶಪುರದ ಬಳಿಯ ದೊಡ್ಡತಪ್ಪಲಿನಲ್ಲಿ, ಮತ್ತೆ ಮತ್ತೆ ಧರೆ ಕುಸಿಯಿತು. ಅಲ್ಲಿಯೂ ಕಂಡದ್ದು ಅದೇ ಗೋಡೆಯಂಥ ಕಡಿತ.

ಮಳೆ ಹೆಚ್ಚಾಗಿ ಸುರಿದದ್ದು ನಿಜ. ಹವಾಮಾನ ಬದಲಾಗುತ್ತಿರುವುದೂ ನಿಜ. ಆದರೆ ‘ಹಿಂದೆಂದೂ ಕಾಣದ ಮಳೆ’ ಎಂಬುದು ಈಗ ಆಡಳಿತದ ಕೊಡೆಯಾಗಿದೆ. ಎಲ್ಲ ತಪ್ಪುಗಳೂ ಅದರಡಿ ನೆನೆಯದೆ ನಿಲ್ಲುತ್ತವೆ. ಮುಂಡಕ್ಕೈಯಲ್ಲಿ 1984ರಲ್ಲಿಯೂ ಕುಸಿತವಾಗಿ ಜನ ಸತ್ತಿದ್ದರು. ಅಲ್ಲಿಂದ ಬಹುದೂರವಲ್ಲದ ಪುತ್ತುಮಲ 2019ರ ಆಗಸ್ಟ್ 8ರಂದು ನಾಶವಾಗಿತ್ತು. ಗುಡ್ಡ ತನ್ನ ಮಾತನ್ನು ಮೊದಲೇ ಹೇಳಿತ್ತು. 2024ರಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತ ಮೇಲೆ, ಬೆಂಗಳೂರಿನಲ್ಲಿ ಕೇಂದ್ರ ಹೊಂದಿರುವ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಚೂರಲ್‌ಮಲದಲ್ಲಿ 190 ಅಡಿ ಉದ್ದದ ಬೈಲಿ ಸೇತುವೆಯನ್ನು ಆಗಸ್ಟ್ 1ರ ಸಂಜೆಗೇ ಕಟ್ಟಿ ಮುಗಿಸಿದರು. ಹಗಲಿರುಳು ದುಡಿದ ಆ ಸೈನಿಕರಿಗೆ ನಮಸ್ಕಾರ. ಅವಘಡ ಆದ ಮೇಲೆ ಎರಡೇ ದಿನದಲ್ಲಿ ಸೇತುವೆ ಕಟ್ಟಬಲ್ಲ ದೇಶ, ಅದಕ್ಕೆ ಮುಂಚಿನ ನಲವತ್ತು ವರ್ಷಗಳಲ್ಲಿ ಆ ಇಳಿಜಾರಿನ ಜನರಿಗೆ ಸುರಕ್ಷಿತ ಜಾಗ ಹುಡುಕಲಾರದೆ ಹೋದದ್ದೇಕೆ?

ಗುಡ್ಡ ಕುಸಿಯುವುದು ಹೇಗೆ?

ವಿದ್ಯಾರ್ಥಿಗಳಿಗಾಗಿ ಇದನ್ನು ಬಿಡಿಸಿ ಹೇಳುವುದು ಅಗತ್ಯ. ನಮ್ಮ ಗುಡ್ಡಗಳಲ್ಲಿ ಮೇಲೆ ಕೆಲವು ಅಡಿ ಮಣ್ಣು, ಅನೇಕ ಕಡೆ ಅದರಡಿ ಜಂಬಿಟ್ಟಿಗೆ, ಅದರ ಕೆಳಗೆ ಕಲ್ಲು ಕೊಳೆತು ಆದ ಮೆತ್ತನೆಯ ಶೇಡಿ ಮಣ್ಣು, ಎಲ್ಲಕ್ಕಿಂತ ಕೆಳಗೆ ಗಟ್ಟಿ ಬಂಡೆ. ಒಣಗಿದಾಗ ಶೇಡಿ ಮಣ್ಣು ಗಟ್ಟಿಯಾಗಿ ನಿಲ್ಲುತ್ತದೆ. ನೀರು ತುಂಬಿದಾಗ ಕಣಕಣಗಳ ನಡುವಿನ ಹಿಡಿತ ಸಡಿಲಿ ಜಾರುತ್ತದೆ. ಒಂದು ಎಕರೆಯ ಮೇಲೆ ನೂರು ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು ನಾಲ್ಕು ಲಕ್ಷ ಲೀಟರ್ ನೀರು, ಅಂದರೆ ನಾಲ್ಕುನೂರು ಟನ್ ಭಾರ. ಇಷ್ಟನ್ನು ಗುಡ್ಡ ತಾಳಿಕೊಳ್ಳುವುದು ಮೂರು ಆಸರೆಗಳಿಂದ: ಆಳಕ್ಕೆ ಇಳಿದ ಬೇರುಗಳ ಹಿಡಿತ, ನೀರು ಹರಿದುಹೋಗುವ ಹಳ್ಳಗಳು, ಮತ್ತು ಗುಡ್ಡದ ಪಾದ.

ಈ ಮೂರನ್ನೂ ನಾವು ಒಂದೊಂದಾಗಿ ಕಿತ್ತಿದ್ದೇವೆ. ಮಿಶ್ರ ಕಾಡು ಹೋಗಿ ಒಂದೇ ಜಾತಿಯ ನೆಡುತೋಪು ಬಂತು. ದೊಡ್ಡ ನೆರಳುಮರಗಳು ತೋಟದಿಂದ ಮಾಯವಾದವು. ಹಳ್ಳದ ಮೇಲೆ ಮಣ್ಣು ಹಾಕಿ ಮಟ್ಟ ಮಾಡಿ ಹೋಂಸ್ಟೇ, ರೆಸಾರ್ಟು, ನಿವೇಶನಗಳು ಎದ್ದವು. ಪಾದವನ್ನು ಜೆಸಿಬಿ ತಿಂದಿತು. ಪಾದ ಕಡಿದ ಗುಡ್ಡ, ಮೆಟ್ಟಿಲಿನ ಕೆಳಗಿನ ಕಲ್ಲು ಕಿತ್ತ ಮನೆಯಂತೆ. ಇಂದು ನಿಂತಿದೆಯೆಂದು ನಾಳೆಗೆ ಭರವಸೆಯಿಲ್ಲ.

ಒಳ್ಳೆಯ ಉದ್ದೇಶದ ಕೆಲಸವೂ ತಪ್ಪು ಜಾಗದಲ್ಲಿ ಅಪಾಯಕಾರಿ. ತಲಕಾವೇರಿಯ ಕುಸಿತದ ನಂತರ ಬೆಟ್ಟದ ಮೇಲೆ ತೆಗೆದಿದ್ದ ಇಂಗುಗುಂಡಿಗಳ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. ಬಯಲುಸೀಮೆಯಲ್ಲಿ ವರವಾದ ಇಂಗುಗುಂಡಿ, ಕಡಿದಾದ ಇಳಿಜಾರಿನಲ್ಲಿ, ಆಳವಾದ ಸಡಿಲ ಮಣ್ಣಿನ ಮೇಲೆ, ಅತಿಮಳೆಯ ಸೀಮೆಯಲ್ಲಿ ನೀರನ್ನು ಒಳಗೆ ಕೂಡಿಹಾಕಿ ಜಾರುವಿಕೆಗೆ ದಾರಿ ಮಾಡಿಕೊಡಬಲ್ಲದು. ಎಲ್ಲ ಜಿಲ್ಲೆಗಳಿಗೂ ಒಂದೇ ಅಳತೆಯ ಯೋಜನೆ ಬರೆಯುವವರು ಇದನ್ನು ಅರಿಯಬೇಕು.

ಎಂಬತ್ತು ಮತ್ತು ಇಪ್ಪತ್ತು

ಸರ್ಕಾರದ ಮನಸ್ಸು ಎಲ್ಲಿದೆಯೆಂದು ತಿಳಿಯಲು ಭಾಷಣ ಬೇಡ, ಹಣದ ಲೆಕ್ಕ ಸಾಕು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿಯೇ ಅಪಾಯ ತಗ್ಗಿಸುವ ಪ್ರತ್ಯೇಕ ನಿಧಿಯ ಮಾತಿತ್ತು. ರಾಷ್ಟ್ರಮಟ್ಟದಲ್ಲಿ ಅಂಥ ನಿಧಿ ಸ್ಥಾಪನೆಯಾದದ್ದು 2021ರಲ್ಲಿ. 2021ರಿಂದ 2026ರವರೆಗಿನ ಅವಧಿಗೆ ಹದಿನೈದನೇ ಹಣಕಾಸು ಆಯೋಗ ರಾಜ್ಯಗಳ ವಿಪತ್ತಿನ ಹಣವನ್ನು ಹಂಚಿದ ರೀತಿ ಹೀಗೆ: ನೂರರಲ್ಲಿ ಎಂಬತ್ತು ಸ್ಪಂದನೆ, ಪರಿಹಾರ, ಪುನರ್ನಿರ್ಮಾಣ ಮತ್ತು ಸಿದ್ಧತೆಗೆ, ಇಪ್ಪತ್ತು ಅಪಾಯ ತಗ್ಗಿಸುವುದಕ್ಕೆ. ಆ ಎಂಬತ್ತರಲ್ಲಿಯೂ ಸಿದ್ಧತೆಗೆ ದೊರೆಯುವುದು ಹತ್ತು ಮಾತ್ರ. ಹಿಂದೆ ಇಷ್ಟೂ ಇರಲಿಲ್ಲ ಎಂಬುದನ್ನು ಒಪ್ಪೋಣ. ಆದರೂ ಬಿದ್ದ ಮೇಲೆ ಎತ್ತಲು ಎಂಬತ್ತು, ಬೀಳದಂತೆ ಹಿಡಿಯಲು ಇಪ್ಪತ್ತು ಎಂಬ ಲೆಕ್ಕ ಯಾವ ರೈತನ ಬುದ್ಧಿಗೂ ಒಪ್ಪುವಂಥದ್ದಲ್ಲ. ಅಡಿಕೆಗೆ ಕೊಳೆ ಬರುವ ಮುನ್ನ ಬೋರ್ಡೋ ಸಿಂಪಡಿಸುವವನೇ ಬೆಳೆ ಉಳಿಸಿಕೊಳ್ಳುವುದು. ಉದುರಿದ ಕಾಯಿ ಆರಿಸುವುದನ್ನು ಯಾರೂ ಕೃಷಿಯೆನ್ನುವುದಿಲ್ಲ.

ಇತ್ತ ಸ್ಪಂದಿಸುವವರ ಸ್ಥಿತಿಯಾದರೂ ಚೆನ್ನಾಗಿದೆಯೇ? 2008ರಲ್ಲಿ ರಾಜ್ಯದಲ್ಲಿ ಆರಂಭವಾದ 108 ಸೇವೆ ಅಸಂಖ್ಯ ಜೀವಗಳನ್ನು ಉಳಿಸಿದೆ. ಅದರ ಸಿಬ್ಬಂದಿ ಬಾಕಿ ವೇತನಕ್ಕಾಗಿ ಮುಷ್ಕರದ ಎಚ್ಚರಿಕೆ ಕೊಡಬೇಕಾದ ಪ್ರಸಂಗ ಒಮ್ಮೆಯಲ್ಲ, ಹಲವು ಬಾರಿ ಬಂದಿದೆ. ಶಾಲಿಗೆ ಹಣವಿರುವಲ್ಲಿ ಸಂಬಳಕ್ಕೇಕೆ ಇಲ್ಲ?

ವರದಿ ತಿರಸ್ಕರಿಸಿದ ಮೇಲೆ?

ಪಶ್ಚಿಮ ಘಟ್ಟ ಪರಿಸರ ತಜ್ಞರ ಸಮಿತಿ ಪ್ರೊ. ಮಾಧವ ಗಾಡ್ಗೀಳರ ನೇತೃತ್ವದಲ್ಲಿ 2011ರಲ್ಲಿ ವರದಿ ಕೊಟ್ಟಿತು. ಅದು ಕಠಿಣವಾಯಿತೆಂದು 2013ರಲ್ಲಿ ಕಸ್ತೂರಿರಂಗನ್ ನೇತೃತ್ವದ ಎರಡನೆಯ ವರದಿ ಬಂತು. 2014ರಿಂದ ಕರಡು ಅಧಿಸೂಚನೆಗಳ ಸಾಲು; ಆರನೆಯದು ಹೊರಬಿದ್ದದ್ದು 2024ರ ಜುಲೈ 31ರಂದು, ವಯನಾಡಿನ ಹೆಣಗಳು ಇನ್ನೂ ಮಣ್ಣಿನಡಿ ಇದ್ದಾಗ. ಅದರಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಪ್ರದೇಶವಿತ್ತು. ಸೆಪ್ಟೆಂಬರ್ 26ರಂದು ನಮ್ಮ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಲು ತೀರ್ಮಾನಿಸಿತು. ಅದರ ಹಿಂದಿನ ದಿನವಷ್ಟೇ ಗಂಗಾವಳಿಯಿಂದ ಆ ಲಾರಿಯನ್ನು ಮೇಲೆತ್ತಲಾಗಿತ್ತು.

ಅಧಿಸೂಚನೆಯ ಬಗ್ಗೆ ಹಳ್ಳಿಗರಿಗಿರುವ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸ್ಥಳೀಯ ಭಾಷೆಯಲ್ಲಿ ವರದಿ ತಲುಪಲಿಲ್ಲ, ಗ್ರಾಮಸಭೆಗಳಲ್ಲಿ ಅರ್ಥಪೂರ್ಣ ಚರ್ಚೆಯಾಗಲಿಲ್ಲ, ಅರಣ್ಯ ಇಲಾಖೆಯ ಜೊತೆಗಿನ ಹಳೆಯ ಕಹಿ ಅನುಭವಗಳು ಹಾಗೆಯೇ ಉಳಿದಿವೆ. ಊರಿನ ಗ್ರಾಮಸಭೆಯ ಮಾತಿಗೆ ಬೆಲೆ ಕೊಡಬೇಕೆಂಬುದೇ ಗಾಡ್ಗೀಳ್ ವರದಿಯ ಮುಖ್ಯ ಆಗ್ರಹವಾಗಿತ್ತು ಎಂಬುದನ್ನು ನಮಗೆ ಯಾರೂ ಹೇಳಲಿಲ್ಲ. ಇರಲಿ, ವರದಿ ಬೇಡವೆಂದವರು ಅದರ ಬದಲು ಏನು ಕೊಟ್ಟರು? ಕಡಿದಾದ ಇಳಿಜಾರಿನಲ್ಲಿ ಭೂಪರಿವರ್ತನೆಗೆ ತಡೆಯುಂಟೇ? ಗುಡ್ಡದ ಪಾದ ಕಡಿಯುವ ಗುತ್ತಿಗೆದಾರನಿಗೆ ದಂಡವುಂಟೇ? ಬಡ ಕೂಲಿಕಾರನ ಹೆಸರು ಹೇಳಿ ವರದಿಯನ್ನು ತಿರಸ್ಕರಿಸಿದ್ದು. ಅದರ ಲಾಭ ಸಿಕ್ಕಿದ್ದು ಕಲ್ಲುಗಣಿಗೆ, ರೆಸಾರ್ಟಿಗೆ. ಮಳೆಗಾಲದಲ್ಲಿ ಗುದ್ದಲಿ ಹಿಡಿದು ಓಡಬೇಕಾದವನು ಮಾತ್ರ ಅದೇ ಕೂಲಿಕಾರ.

ಹಾಗಾದರೆ ರಸ್ತೆ ಬೇಡವೇ?

ಈ ಪ್ರಶ್ನೆ ನಮ್ಮ ಮುಖಕ್ಕೆ ಸದಾ ಎಸೆಯಲ್ಪಡುತ್ತದೆ. ಪರಿಸರದವರಿಗೆ ಆಂಬುಲೆನ್ಸ್ ಬರುವುದೂ ಬೇಡ ಎಂದು ಗೇಲಿ ಮಾಡುತ್ತಾರೆ. ರಸ್ತೆ ಬೇಕು. ರೋಗಿಯನ್ನು ಕಂಬಳಿ ಜೋಲಿಯಲ್ಲಿ ಹೊತ್ತು ಮೈಲುಗಟ್ಟಲೆ ನಡೆಯಬೇಕಾದ ಊರುಗಳು ನಮ್ಮಲ್ಲಿ ಇನ್ನೂ ಇವೆ, ಅದು ನಾಚಿಕೆಗೇಡು. ಆದರೆ ಕೇಳಿದ್ದು ಯಾವ ರಸ್ತೆ, ಬಂದದ್ದು ಯಾವುದು? 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಬಾಲಕಿ ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ಒಂದು ಚಿಕ್ಕ ಸೇತುವೆ ಆ ಜೀವವನ್ನು ಉಳಿಸುತ್ತಿತ್ತು. ಘಟ್ಟ ಸೀಳುವ ಚತುಷ್ಪಥಕ್ಕೆ ಸಾವಿರಾರು ಕೋಟಿ ಹೊಂದಿಸುವವರಿಗೆ ಕಾಲುಸಂಕದ ಬದಲು ಕಿರುಸೇತುವೆಗೆ ಹಣ ಹುಡುಕಲು ಮಗುವಿನ ಸಾವೇ ಬೇಕೇ? ಊರಿಗೆ ಬೇಕಾದದ್ದು ಮೋರಿಯಿರುವ, ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು ಕಡಿದ, ಹಳ್ಳದ ದಾರಿ ಮುಚ್ಚದ ಕಿರುರಸ್ತೆ. ಗುಡ್ಡ ಕುಸಿದಾಗ ಚತುಷ್ಪಥವೂ ಮುಚ್ಚುತ್ತದೆ. ಆಗ ಆಂಬುಲೆನ್ಸೂ ನಿಲ್ಲುತ್ತದೆ.

ಮುಂದಿನ ಮಳೆಗಾಲಕ್ಕೆ ಮುನ್ನ

ದೂರುವುದರಲ್ಲಿಯೇ ಲೇಖನ ಮುಗಿಯಬಾರದು. ಮಳೆಗಾಲಕ್ಕೆ ಇನ್ನು ಐದಾರು ತಿಂಗಳಿವೆ. ಅಷ್ಟರಲ್ಲಿ ಆಗಬೇಕಾದ, ಆಗಬಹುದಾದ ಕೆಲಸಗಳಿವೆ.

ಒಂದು, ಮಳೆ ಅಳೆಯೋಣ. ವಯನಾಡಿನ ಕಲ್ಪೆಟ್ಟದ ಹ್ಯೂಮ್ ಕೇಂದ್ರವು ಜಿಲ್ಲೆಯುದ್ದಕ್ಕೂ ಹರಡಿದ ಮಳೆಮಾಪಕಗಳ ಲೆಕ್ಕದ ಆಧಾರದ ಮೇಲೆ ಮುಂಡಕ್ಕೈ ಭಾಗದ ಅಪಾಯವನ್ನು ಸುಮಾರು ಹದಿನಾರು ಗಂಟೆ ಮೊದಲೇ ತಿಳಿಸಿತ್ತು. ಆ ಮಾತು ಎಲ್ಲರ ಮನೆಬಾಗಿಲಿಗೆ ಆಜ್ಞೆಯಾಗಿ ಮುಟ್ಟಲಿಲ್ಲ ಎಂಬುದೇ ದುರಂತ. ನಮ್ಮ ಪ್ರತಿ ಪ್ರೌಢಶಾಲೆಯೂ ಒಂದು ಮಳೆಮಾಪಕ ಇಟ್ಟುಕೊಳ್ಳಲಿ. ನೇರ ಗೋಡೆಯ, ಸಮತಳದ ಡಬ್ಬಿಯೊಂದನ್ನು ಬಯಲಲ್ಲಿಟ್ಟು ಪ್ರತಿದಿನ ಬೆಳಗ್ಗೆ ಅದೇ ವೇಳೆಗೆ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ಅಳೆದು ಬರೆದರೂ ಸಾಕು.

ಎರಡು, ಗುಡ್ಡವನ್ನು ಓದೋಣ. ನೆಲದಲ್ಲಿ ಅರ್ಧಚಂದ್ರಾಕಾರದ ಬಿರುಕು, ವಾಲಿದ ಮರ, ಬಾಗಿಲು ಒಮ್ಮೆಲೇ ಬಿಗಿಯಾಗುವುದು, ತಿಳಿಯಾಗಿದ್ದ ಒರತೆ ಕೆಸರಾಗುವುದು, ಇಲ್ಲದಲ್ಲಿ ಹೊಸ ಒರತೆ ಏಳುವುದು, ಮಳೆಯ ನಡುವೆಯೇ ಹಳ್ಳದ ನೀರು ತಟ್ಟನೆ ಇಳಿಯುವುದು: ಇವು ಗುಡ್ಡ ಕೊಡುವ ಸೂಚನೆಗಳು. ಕಂಡ ಕೂಡಲೇ ಮನೆ ಬಿಡಬೇಕು. ಆಮೇಲೆ ಪಂಚಾಯ್ತಿಗೆ ತಿಳಿಸಬೇಕು.

ಮೂರು, ಕಾಗದ ಕೇಳೋಣ. ಜಿಲ್ಲಾ ವಿಪತ್ತು ನಿರ್ವಹಣಾ ಯೋಜನೆಯನ್ನು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕೆಂದು 2005ರ ಕಾಯ್ದೆ ಹೇಳುತ್ತದೆ. ನಮ್ಮ ಜಿಲ್ಲೆಯ ಯೋಜನೆ ಕೊನೆಯ ಬಾರಿ ಪರಿಷ್ಕೃತವಾದದ್ದು ಎಂದು? ನಮ್ಮೂರಿನ ಯಾವ ಮನೆಗಳು ಅಪಾಯದಲ್ಲಿವೆಯೆಂದು ಅದರಲ್ಲಿ ಬರೆದಿದೆ? ಅದೇ ವರ್ಷದ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿಯ ಅರ್ಜಿ ಸಾಕು.

ನಾಲ್ಕು, ಗ್ರಾಮಸಭೆಯಲ್ಲಿ ಠರಾವು ಮಾಡೋಣ. ಮಳೆಗಾಲದಲ್ಲಿ ಗುಡ್ಡದ ಪಾದಕ್ಕೆ ಜೆಸಿಬಿ ಹಾಕಬಾರದು. ಹಳ್ಳ ಮುಚ್ಚಬಾರದು. ಪ್ರತಿ ಪಂಚಾಯ್ತಿಯಲ್ಲಿ ಹಗ್ಗ, ಸ್ಟ್ರೆಚರ್, ಮರ ಕೊಯ್ಯುವ ಯಂತ್ರ, ದೀಪ ಮತ್ತು ಪ್ರಥಮ ಚಿಕಿತ್ಸೆಯ ಸಾಮಗ್ರಿ ಇರಬೇಕು. ಊರಿನ ರಕ್ಷಣಾ ತಂಡಕ್ಕೆ ತರಬೇತಿ ಮತ್ತು ವಿಮೆ ಬೇಕು. ದಿನಗೂಲಿ ಬೆಂಕಿ ಕಾವಲುಗಾರನಿಗೂ, ಆಶಾ ಕಾರ್ಯಕರ್ತೆಗೂ, ಆಂಬುಲೆನ್ಸ್ ಸಿಬ್ಬಂದಿಗೂ ತಿಂಗಳು ತಪ್ಪದೆ ನ್ಯಾಯವಾದ ವೇತನ ಬೇಕು.

ಈ ವರ್ಷಾಂತ್ಯದಲ್ಲಿ ನಿಮ್ಮೂರಿನಲ್ಲಿ ಸನ್ಮಾನ ನಡೆದರೆ ಹೋಗಿ ಕುಳಿತುಕೊಳ್ಳಿ, ಚಪ್ಪಾಳೆಯನ್ನೂ ತಟ್ಟಿ. ಬಳಿಕ ಎದ್ದು ನಿಂತು ವೇದಿಕೆಯ ಮೇಲಿನವರನ್ನು ವಿನಯದಿಂದ, ಆದರೆ ಎಲ್ಲರಿಗೂ ಕೇಳುವಂತೆ ಪ್ರಶ್ನಿಸಿ: ಇವರು ಕಳೆದ ಮಳೆಗಾಲದಲ್ಲಿ ಹೋಗಬೇಕಾಗಿ ಬಂದ ಆ ಗುಡ್ಡವನ್ನು ಕಡಿಯಲು ಅನುಮತಿ ಕೊಟ್ಟವರು ಯಾರು? ಅದರ ಪಕ್ಕದ ಗುಡ್ಡವನ್ನು ಈಗ ಕಡಿಯುತ್ತಿರುವವರು ಯಾರು? ಉತ್ತರ ಸಿಗುವವರೆಗೆ ಪ್ರತಿ ಗ್ರಾಮಸಭೆಯಲ್ಲಿಯೂ ಈ ಪ್ರಶ್ನೆಯನ್ನು ಕೇಳುತ್ತಲೇ ಇರೋಣ.